ನಿಂತ ಕಾರಿಗೆ ಎಷ್ಟು ವಿಮೆ?

ಇಂದಿರಾನಗರದಲ್ಲಿ ಕಾರು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೆಟ್ರೊ ಶುರುವಾದ ಮೇಲೆ ಸಿಎಂಎಚ್ ರಸ್ತೆಯ ಆಸುಪಾಸಿನವರು ಕಾರಿನ ಕೀ ಮನೆಯಲ್ಲೇ ಬಿಟ್ಟು ಹೊರಡುವುದನ್ನು ರೂಢಿಸಿಕೊಂಡರು. 2023ರಲ್ಲಿ ನೇರಳೆ ಮಾರ್ಗ ವೈಟ್‌ಫೀಲ್ಡ್‌ವರೆಗೂ ಪೂರ್ತಿಯಾದಾಗ ಐಟಿ ಕೆಲಸದ ಮಕ್ಕಳೂ ಅದೇ ದಾರಿ ಹಿಡಿದರು. ಕಾರು ಮಾತ್ರ ಬೀದಿಯ ಮರದಡಿ ನಿಂತೇ ಇರುತ್ತದೆ. ಅದರ ಪ್ರೀಮಿಯಂ ನೋಟಿಸು ವರ್ಷಕ್ಕೊಮ್ಮೆ ತಪ್ಪದೆ ಬರುತ್ತದೆ.

ನಮ್ಮ ಮನೆಯದು, ಡಿಫೆನ್ಸ್ ಕಾಲೊನಿಯಲ್ಲಿರುವ ಮಾವನವರದು, ಅಕ್ಕನ ಮಗಳದು, ಹೀಗೆ ಬಂಧುಗಳ ಕಾರುಗಳ ಪಾಲಿಸಿ ನೋಡಿಕೊಳ್ಳುವ ಕೆಲಸ ಬಹಳ ಕಾಲದಿಂದ ನನ್ನ ಪಾಲಿಗಿದೆ. ಎಲ್ಲರಿಗೂ ಅಗ್ಗವಾಗುವ ಒಂದೇ ಪಾಲಿಸಿ ಇಲ್ಲ ಎಂಬುದು ಆ ಅನುಭವದಿಂದ ನನಗೆ ಖಚಿತವಾಗಿದೆ. ಕಾರನ್ನು ಯಾರು ಓಡಿಸುತ್ತಾರೆ, ಎಷ್ಟು ಓಡಿಸುತ್ತಾರೆ, ರಾತ್ರಿ ಅದು ಎಲ್ಲಿ ನಿಲ್ಲುತ್ತದೆ ಎಂದು ಕೇಳಿಕೊಂಡ ಮೇಲೆಯೇ ಎಲ್ಲಿ ದುಡ್ಡು ಉಳಿಸಬಹುದು ಎಂಬುದು ತಿಳಿಯುವುದು.

ಉಳಿಸಲು ಬಾರದ ಭಾಗ ಮೊದಲು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಇಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲ 2,000 ರೂಪಾಯಿ ದಂಡ, ಜೈಲಿಗೂ ಅವಕಾಶವಿದೆ. ಇದರ ದರವನ್ನು ಸರ್ಕಾರವೇ ನಿಗದಿ ಮಾಡುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ 1,000 ಸಿಸಿವರೆಗಿನ ಖಾಸಗಿ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1,500 ಸಿಸಿವರೆಗೆ 3,416, ಅದಕ್ಕೂ ಮೇಲಿನದಕ್ಕೆ 7,897. ವಿದ್ಯುತ್ ಕಾರುಗಳಿಗೆ ಶೇ 15ರಷ್ಟು ರಿಯಾಯಿತಿ. ಯಾವ ಕಂಪನಿಯ ಬಾಗಿಲಿಗೆ ಹೋದರೂ ಈ ದರ ಒಂದೇ, ಆದ್ದರಿಂದ ಇಲ್ಲಿ ಚೌಕಾಸಿಗೆ ಜಾಗವಿಲ್ಲ. ಚೌಕಾಸಿ ನಡೆಯುವುದೆಲ್ಲ ನಮ್ಮದೇ ಕಾರಿನ ಹಾನಿಗೆ ತೆಗೆದುಕೊಳ್ಳುವ ಭಾಗದಲ್ಲಿ, ಏಜೆಂಟರು ಓಡಿ ಎನ್ನುತ್ತಾರಲ್ಲ, ಅದರಲ್ಲಿ.

ಅಕ್ಕನ ಮಗಳು ಮೊದಲ ಕಾರು ಕೊಂಡಾಗ ಕೇಳಿದಳು: "ಮಾಮ, ಲೈಸೆನ್ಸ್ ಬಂದು ಇನ್ನೂ ವರ್ಷ ಆಗಿಲ್ಲ, ನನಗೆ ಪ್ರೀಮಿಯಂ ಜಾಸ್ತಿ ಹಾಕ್ತಾರಾ?" ಬ್ರಿಟನ್ನಿನಲ್ಲೋ ಅಮೆರಿಕದಲ್ಲೋ ಆಗಿದ್ದರೆ ಖಂಡಿತ ಹೌದು. ಅಲ್ಲಿಗೆ ಹೋದ ನಮ್ಮ ಮಕ್ಕಳು ಮೊದಲ ವರ್ಷದ ವಿಮೆಯ ಮೊತ್ತ ನೋಡಿ ದಂಗಾಗುವುದು ಇದೇ ಕಾರಣಕ್ಕೆ. ಹೊಸಬರಿಗೆ ಅಲ್ಲಿ ದುಬಾರಿ. ಗಂಡು ಹೆಣ್ಣಿಗೆ ಬೇರೆ ಬೇರೆ ದರ ಹಾಕುವುದನ್ನು ಯುರೋಪಿನಲ್ಲಿ 2012ರ ಡಿಸೆಂಬರ್‌ನಿಂದ ನ್ಯಾಯಾಲಯವೇ ನಿಲ್ಲಿಸಬೇಕಾಯಿತು. ನಮ್ಮ ದೇಶದ ಲೆಕ್ಕ ಶುರುವಾಗುವುದು ಕಾರಿನಿಂದ: ಅದರ ವಯಸ್ಸು, ಎಂಜಿನ್ನಿನ ಸಿಸಿ, ಈಗಿನ ಬೆಲೆ, ನೋಂದಣಿಯಾದ ಊರು. ಬೆಂಗಳೂರು ಎ ವಲಯದಲ್ಲಿದೆ. ಮೈಸೂರು, ಹುಬ್ಬಳ್ಳಿ, ಮಂಗಳೂರು ಬಿ ವಲಯದಲ್ಲಿವೆ. ಹಾಗಾಗಿ ಅದೇ ಕಾರಿಗೆ ಇಲ್ಲಿ ತುಸು ಹೆಚ್ಚು.

ಅವಳ ವಿಷಯದಲ್ಲಿ ನಾನು ಗಮನಿಸಿದ್ದು ಬೇರೆ ಎರಡು ಸಂಗತಿ. ಶೋರೂಮಿನಲ್ಲಿ ಕಾರಿನ ಜೊತೆಗೇ ವಿಮೆಯ ಬಿಲ್ಲನ್ನೂ ಕೈಗಿಟ್ಟರು. ಅಲ್ಲೇ ತೆಗೆದುಕೊಳ್ಳಬೇಕೆಂಬ ಕಾನೂನು ಎಲ್ಲೂ ಇಲ್ಲ. ಅದೇ ಐಡಿವಿ (ಕಾರು ಕಳುವಾದರೆ ಕಂಪನಿ ಕೊಡುವ ಮೊತ್ತ), ಅದೇ ಆಡ್-ಆನ್‌ಗಳನ್ನಿಟ್ಟು ಒಂದು ಸರ್ಕಾರಿ ಕಂಪನಿಯ ಶಾಖೆಯಲ್ಲಿ ಮತ್ತು ಆನ್‌ಲೈನ್‌ನಲ್ಲಿ ದರ ಕೇಳಿದೆವು. ಎರಡೂ ಕಡೆ ಕಡಿಮೆಯಿತ್ತು. ಇನ್ನೊಂದು ಸಂಗತಿ ಹೊಸ ಕಾರು ಕೊಂಡವರೆಲ್ಲ ತಿಳಿದಿರಬೇಕಾದದ್ದು. ಸುಪ್ರೀಂ ಕೋರ್ಟ್ ಆದೇಶದಂತೆ 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಥರ್ಡ್ ಪಾರ್ಟಿ ವಿಮೆಯನ್ನು ಮೂರು ವರ್ಷಕ್ಕೆ ಒಟ್ಟಿಗೇ ಕಟ್ಟಬೇಕು. ಆದರೆ ಸ್ವಂತ ಕಾರಿನ ಹಾನಿಯ ಭಾಗ ಸಾಮಾನ್ಯವಾಗಿ ಒಂದೇ ವರ್ಷದ್ದು. ಪಾಲಿಸಿಯ ಮೇಲೆ ಮೂರು ವರ್ಷ ಎಂದು ಕಂಡು ನಿಶ್ಚಿಂತೆಯಿಂದ ಕೂತರೆ ಎರಡನೇ ವರ್ಷದಿಂದ ಕಾರಿಗೆ ರಕ್ಷಣೆಯೇ ಇರುವುದಿಲ್ಲ. ಆ ಭಾಗವನ್ನು ಮಾತ್ರ ಯಾವ ಕಂಪನಿಯಿಂದ ಬೇಕಾದರೂ ಬಿಡಿಯಾಗಿ ಕೊಳ್ಳಬಹುದು.

ಇನ್ನು ನೋ ಕ್ಲೇಮ್ ಬೋನಸ್. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಏಕೆಂದರೆ ಕಾರಿಟ್ಟವರು ದುಡ್ಡು ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲೇ. ಒಂದು ವರ್ಷ ಕ್ಲೇಮ್ ಮಾಡದಿದ್ದರೆ ಓಡಿ ಪ್ರೀಮಿಯಂನಲ್ಲಿ ಶೇ 20 ರಿಯಾಯಿತಿ, ಆಮೇಲೆ 25, 35, 45, ಐದು ವರ್ಷಕ್ಕೆ 50. ನಡುವೆ ಒಂದು ಕ್ಲೇಮ್ ಮಾಡಿದರೆ ಮತ್ತೆ ಸೊನ್ನೆಯಿಂದ ಎಣಿಕೆ. ನಿಮ್ಮ ಓಡಿ ಪ್ರೀಮಿಯಂ 10,000 ರೂಪಾಯಿ, ಬೋನಸ್ ಶೇ 50 ಎಂದಿಟ್ಟುಕೊಳ್ಳಿ. ಕ್ಲೇಮ್ ಮಾಡಿದ ಮರುವರ್ಷ 5,000 ಹೆಚ್ಚು ಕಟ್ಟುತ್ತೀರಿ, ಆಮೇಲೆ 3,000, 2,500, 1,500, 500. ಒಟ್ಟು 12,500. ಕಾರು ಹಳತಾದಂತೆ ಪ್ರೀಮಿಯಂ ಇಳಿಯುವುದರಿಂದ ಇದು ಸ್ವಲ್ಪ ತಗ್ಗಬಹುದು, ಅಷ್ಟೆ. ಈಗ ಬಂಪರ್ ಒಡೆಯಿತು, ರಿಪೇರಿ 6,000 ಎನ್ನಿ. ಕಡ್ಡಾಯವಾಗಿ ನಾವೇ ಭರಿಸಬೇಕಾದ 1,000 ರೂಪಾಯಿ ಅದರಲ್ಲಿ ಹೋಗುತ್ತದೆ. ಸವಕಳಿ ಕಡಿಯದ ಜೀರೋ ಡಿಪ್ರಿಸಿಯೇಶನ್ ಆಡ್-ಆನ್ ಇಲ್ಲದಿದ್ದರೆ ಪ್ಲಾಸ್ಟಿಕ್ ಭಾಗದ ಬೆಲೆಯಲ್ಲಿ ಅರ್ಧ ಕಡಿತ. ಕೈಗೆ ಬರುವ ಎರಡು ಮೂರು ಸಾವಿರಕ್ಕಾಗಿ ಹತ್ತು ಸಾವಿರದ ಮೇಲೆ ಬಿಟ್ಟುಕೊಡುವ ವ್ಯವಹಾರ ಅದು. "ಕ್ಲೇಮ್ ಹಾಕಿ ಸಾರ್, ಫ್ರೀಯಾಗಿ ಆಗುತ್ತೆ" ಎಂದು ಗ್ಯಾರೇಜಿನವರು ಹೇಳಿದಾಗ ಈ ಲೆಕ್ಕ ಮಾಡಿ ನೋಡಿ. 12ನೇ ಮೇನ್‌ನಲ್ಲಿ ಪಾರ್ಕ್ ಮಾಡುವಾಗ ಆಗುವ ಗೀರುಗಳಿಗೆ ನಾವು ಕೈಯಿಂದಲೇ ದುಡ್ಡು ಕೊಡುತ್ತೇವೆ.

ಈ ಬೋನಸ್ ಸೇರುವುದು ಮಾಲೀಕರಿಗೆ. ಕಾರು ಮಾರಿದರೆ ಕೊಂಡವರಿಗೆ ಹೋಗುವುದಿಲ್ಲ. ಮಾರುವಾಗ ಕಂಪನಿಯಿಂದ ಪತ್ರ ಪಡೆದಿಟ್ಟುಕೊಂಡರೆ ಮೂರು ವರ್ಷದೊಳಗೆ ಕೊಳ್ಳುವ ಹೊಸ ಕಾರಿಗೆ ಅದನ್ನೇ ಬಳಸಬಹುದು. ಪಾಲಿಸಿ ಮುಗಿದ 90 ದಿನದೊಳಗೆ ನವೀಕರಿಸದಿದ್ದರೆ ಮಾತ್ರ ಕೂಡಿಟ್ಟದ್ದೆಲ್ಲ ಹೋಗುತ್ತದೆ.

ಮಾವನವರ ವಾದ ಬೇರೆ. "ನಾನು ಸ್ಟೀರಿಂಗ್ ಹಿಡಿಯೋದೇ ಬಿಟ್ಟಿದೀನಿ, ಆಸ್ಪತ್ರೆಗೆ, ಮದುವೆಗೆ ಅಂತ ಆಚೆ ಹೋದರೆ ಹೆಚ್ಚು. ಥರ್ಡ್ ಪಾರ್ಟಿ ಒಂದೇ ಸಾಕಲ್ವೇನಪ್ಪ?" ಹತ್ತು ಹನ್ನೆರಡು ವರ್ಷದ, ಲಕ್ಷ ರೂಪಾಯಿಯೂ ಬಾಳದ ಕಾರಾಗಿದ್ದರೆ ನಾನೂ ಹೂಂ ಎನ್ನುತ್ತಿದ್ದೆ. ಅವರ ಕಾರಿಗೆ ಇನ್ನೂ ಒಳ್ಳೆಯ ಬೆಲೆಯಿದೆ, ನಿಲ್ಲುವುದು ದೊಡ್ಡ ಮರವೊಂದರ ಕೆಳಗೆ. ಏಪ್ರಿಲ್, ಮೇ ತಿಂಗಳ ಗಾಳಿ ಮಳೆಗೆ ಈ ಬಡಾವಣೆಗಳಲ್ಲಿ ಕೊಂಬೆ ಬಿದ್ದು ಕಾರು ಜಜ್ಜಿಹೋಗುವುದು ಹೊಸದೇನಲ್ಲ. ಥರ್ಡ್ ಪಾರ್ಟಿಯಲ್ಲಿ ಅದಕ್ಕೆ ಚಿಕ್ಕಾಸೂ ಬಾರದು. ಕೊಡುವುದು ಓಡಿ ಭಾಗವೇ. ಆದ್ದರಿಂದ ಓಡಿ ಉಳಿಸಿಕೊಂಡು ಓಟದ ಕಡೆಯಿಂದ ಪ್ರೀಮಿಯಂ ಇಳಿಸಿದೆವು. 2022ರ ಜುಲೈನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, ಓಡಿಸಿದಷ್ಟಕ್ಕೆ ಪ್ರೀಮಿಯಂ ಕಟ್ಟುವ ಪದ್ಧತಿಗೆ ಒಪ್ಪಿಗೆ ಕೊಟ್ಟಿತು. ವರ್ಷಕ್ಕೆ ಇಷ್ಟು ಕಿಲೋಮೀಟರ್ ಎಂದು ಮೊದಲೇ ಹೇಳಿದರೆ ರಿಯಾಯಿತಿ. ಮಿತಿ ದಾಟಿದರೆ ಏನು ಎಂಬ ಷರತ್ತು ಕಂಪನಿಯಿಂದ ಕಂಪನಿಗೆ ಬೇರೆ, ಅದನ್ನು ಓದಿಯೇ ಒಪ್ಪಿಕೊಳ್ಳಿ. ಮೆಟ್ರೊದಲ್ಲಿ ಕೆಲಸಕ್ಕೆ ಹೋಗಿ ಭಾನುವಾರ ಮಾತ್ರ ಕಾರು ತೆಗೆಯುವವರಿಗೂ ಇದು ಸರಿಹೊಂದುತ್ತದೆ. ಒಬ್ಬರ ಹೆಸರಿನಲ್ಲೇ ಎರಡು ಗಾಡಿಗಳಿದ್ದರೆ ಎರಡಕ್ಕೂ ಸೇರಿ ಒಂದೇ ಪಾಲಿಸಿಗೂ ಆಗಲೇ ಅನುಮತಿ ಸಿಕ್ಕಿತು.

ಮಾವನವರ ಡಿಎಲ್ ಅವಧಿ ಮುಗಿದಿತ್ತು, ನವೀಕರಿಸುವ ಮನಸ್ಸೂ ಅವರಿಗಿರಲಿಲ್ಲ. ಮಾಲೀಕ-ಚಾಲಕರ 15 ಲಕ್ಷದ ಅಪಘಾತ ವಿಮೆ ಚಾಲ್ತಿಯ ಲೈಸೆನ್ಸ್ ಇದ್ದವರಿಗೆ ಮಾತ್ರ; ಹಾಗಾಗಿ ಅವರ ಪಾಲಿಸಿಯಿಂದ ಅದನ್ನು ತೆಗೆಸಿದೆ. ಬದಲಿಗೆ, ಸಂಬಳದ ಡ್ರೈವರ್‌ನ ಹೊಣೆಯನ್ನು ಸೇರಿಸಿದೆ. ಅದಕ್ಕೆ ವರ್ಷಕ್ಕೆ ಐವತ್ತು ರೂಪಾಯಿ. ನಮ್ಮ ತಂದೆ ತಾಯಿಯರನ್ನು ದಿನವೂ ಕರೆದೊಯ್ಯುವ ಮನುಷ್ಯನಿಗೆ ಪೆಟ್ಟಾದರೆ ಅವನ ಸಂಸಾರಕ್ಕೆ ಪರಿಹಾರ ಸಿಗಲೆಂದು ಕಟ್ಟಬೇಕಾದ ಈ ಐವತ್ತು ರೂಪಾಯಿಯನ್ನೂ ಕಟ್ಟದ ಮನೆಗಳನ್ನು ನಾನು ಕಂಡಿದ್ದೇನೆ. ದಯವಿಟ್ಟು ಕಟ್ಟಿ.

ಮರ್ಫಿ ಟೌನ್ ಕಡೆಯ ಯೆಲ್ಲೋ ಬೋರ್ಡ್ ಚಾಲಕರ ಕಷ್ಟ ಇವೆಲ್ಲಕ್ಕಿಂತ ದೊಡ್ಡದು. 1,000ಕ್ಕಿಂತ ಹೆಚ್ಚು, 1,500 ಸಿಸಿಯೊಳಗಿನ ಟ್ಯಾಕ್ಸಿಗೆ ಅದೇ 2022ರ ಪಟ್ಟಿಯಲ್ಲಿ ಥರ್ಡ್ ಪಾರ್ಟಿ 7,940 ರೂಪಾಯಿ, ಮೇಲೆ ಪ್ರತಿ ಪ್ರಯಾಣಿಕರಿಗೆ 978. ನಾಲ್ವರ ಕಾರಿಗೆ 11,852 ಆಯಿತು. ಖಾಸಗಿ ಕಾರಿನ 3,416ರ ಪಕ್ಕದಲ್ಲಿ ಇದನ್ನಿಟ್ಟು ನೋಡಿ. ಈ ಭಾರಕ್ಕೆ ಹೆದರಿ ವೈಟ್ ಬೋರ್ಡ್ ಕಾರನ್ನು ಬಾಡಿಗೆಗೆ ಬಿಡುವವರಿದ್ದಾರೆ. ಅಪಘಾತವಾದರೆ ಕಾರಿನ ಕ್ಲೇಮ್ ತಿರಸ್ಕಾರವಾಗುತ್ತದೆ. ಎದುರಿನವರಿಗೆ ಕೊಟ್ಟ ಪರಿಹಾರವನ್ನು ಕಂಪನಿ ಮಾಲೀಕರಿಂದಲೇ ವಸೂಲಿ ಮಾಡಲೂಬಹುದು. ದುಡಿದು ತಿನ್ನುವವರ ಕಾರಿಗೆ ಸರ್ಕಾರ ಈ ದರವನ್ನು ಮರುಪರಿಶೀಲಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕಡಿಮೆ ಮಾಡಿದಂತೆ ತೋರಿ ಕೈಕೊಡುವ ಉಪಾಯಗಳಿಂದ ದೂರವಿರಿ. ಐಡಿವಿ ಇಳಿಸಿದರೆ ಪ್ರೀಮಿಯಂ ಇಳಿಯುತ್ತದೆ ನಿಜ, ಕಾರು ಕಳುವಾದಾಗ ಸಿಗುವ ಹಣವೂ ಅಷ್ಟೇ ಇಳಿಯುತ್ತದೆ. ಇನ್ನೊಬ್ಬರ ಆಸ್ತಿ ಹಾನಿಯ ಮಿತಿಯನ್ನು 7.5 ಲಕ್ಷದಿಂದ 6,000 ರೂಪಾಯಿಗೆ ಇಳಿಸಿದರೆ ಉಳಿಯುವುದು ನೂರು ರೂಪಾಯಿ. 100 ಅಡಿ ರಸ್ತೆಯಲ್ಲಿ ಮುಂದೆ ನಿಂತ ಕಾರುಗಳ ಬೆಲೆ ನೋಡಿದವರು ಇದಕ್ಕೆ ಒಪ್ಪಲಾರರು. ಔಟರ್ ರಿಂಗ್ ರೋಡ್ ಕಡೆ ಅಥವಾ ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸುವವರು ಎಂಜಿನ್ ರಕ್ಷಣೆಯ ಆಡ್-ಆನ್ ಬಿಡಬಾರದು. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರು, ಯಮಲೂರು ಕಡೆ ಮುಳುಗಿದ ಕಾರುಗಳನ್ನು ಊರೆಲ್ಲ ನೋಡಿತು. ನೀರು ನುಗ್ಗಿದ ಕಾರನ್ನು ಸ್ಟಾರ್ಟ್ ಮಾಡಿ ಎಂಜಿನ್ ಕೆಟ್ಟರೆ ಸಾಮಾನ್ಯ ಪಾಲಿಸಿಯಲ್ಲಿ ಹಣ ಸಿಗುವುದು ಕಷ್ಟ. ಟೋ ಮಾಡಿಸಿ. ಉಳಿಸಬೇಕೆಂದಿದ್ದರೆ, ಕೈಯಿಂದ ಹಾಕಲು ಶಕ್ತಿಯಿರುವವರು ಐಚ್ಛಿಕ ಕಡಿತವನ್ನು, ಅಂದರೆ ಪ್ರತಿ ಕ್ಲೇಮ್‌ನಲ್ಲಿ ಇನ್ನಷ್ಟು ಮೊತ್ತ ತಾವೇ ಭರಿಸುವ ಷರತ್ತನ್ನು, ಆರಿಸಿಕೊಳ್ಳಲಿ. ಹೇಗೂ ಸಣ್ಣ ಕ್ಲೇಮ್ ಮಾಡುವವರಲ್ಲವಲ್ಲ ನಾವು.

ಇಷ್ಟೆಲ್ಲ ನೋಡಿ ಕೊಂಡ ಮೇಲೂ ನ್ಯಾಯವಾದ ಕ್ಲೇಮ್ ತಿರಸ್ಕಾರವಾದರೆ ಸುಮ್ಮನಾಗಬೇಡಿ. ಮೊದಲು ಕಂಪನಿಗೆ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಜೆ.ಪಿ. ನಗರ ಮೊದಲ ಹಂತದ ಜೀವನ್ ಸೌಧದಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗಿ. ಅಲ್ಲಿ ದೂರು ಕೊಡಲು ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.