ಪರದಾದಾ ಯಾವ ರಿಸಾಲೆಯಲ್ಲಿದ್ದರು?

ನಮ್ಮ ವಿದ್ಯಾರ್ಥಿಗಳ ಮನೆಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ: "ನಮ್ಮ ಪರದಾದಾ ಟಿಪ್ಪು ಸುಲ್ತಾನರ ಫೌಜಿನಲ್ಲಿದ್ದರು." ಹೇಳುವವರಿಗೆ ಹೆಮ್ಮೆ, ಕೇಳುವವರಿಗೆ ಸಂತೋಷ. ಇತಿಹಾಸ ಓದುವವರು ಮಾತ್ರ ಇಲ್ಲಿ ಒಂದು ಸಣ್ಣ ಲೆಕ್ಕ ಹಾಕಬೇಕು. ನೀವು ಹುಟ್ಟಿದ್ದು 2008ರ ಸುಮಾರಿಗೆ ಎನ್ನೋಣ. ಒಂದು ತಲೆಮಾರಿಗೆ 30 ವರ್ಷ ಹಿಡಿದರೆ ಪರದಾದಾ ಹುಟ್ಟಿದ್ದು 1918ರ ಆಸುಪಾಸಿನಲ್ಲಿ. ಶ್ರೀರಂಗಪಟ್ಟಣ ಬಿದ್ದದ್ದು 1799ರ ಮೇ 4ರಂದು. ಆ ದಿನ 25 ವರ್ಷದವನಾಗಿದ್ದ ಸಿಪಾಯಿ ನಿಮಗಿಂತ ಸುಮಾರು ಎಂಟು ತಲೆಮಾರು ಹಿಂದಿನವನು.

ಹಾಗೆಂದು ಮನೆಯ ಮಾತು ಸುಳ್ಳು ಎಂದು ತಳ್ಳಿಹಾಕಬೇಡಿ. ಬಾಯಿಂದ ಬಾಯಿಗೆ ಬರುವ ಕಥೆ ನಡುವಿನ ನಾಲ್ಕೈದು ತಲೆಮಾರುಗಳನ್ನು ನುಂಗಿ, ಎಲ್ಲರಿಗೂ ಗೊತ್ತಿರುವ ಒಂದು ದೊಡ್ಡ ಹೆಸರಿಗೆ ಹೋಗಿ ಅಂಟಿಕೊಳ್ಳುತ್ತದೆ. ಮನೆಯಲ್ಲಿ ಸೈನಿಕನೊಬ್ಬ ಇದ್ದದ್ದು ನಿಜವೇ ಇರಬಹುದು, ಆದರೆ ಅವನು ಬೇರೆ ಕಾಲದವನು, ಬೇರೆ ಯುದ್ಧದವನು. ಮನೆಯಲ್ಲಿ "ಸಿಲೇದಾರ್", "ರಿಸಾಲ್ದಾರ್", "ಬಾರ್ಗೀರ್" ಎಂಬ ಮಾತುಗಳು ಉಳಿದುಕೊಂಡಿದ್ದರೆ ನೀವು ನೋಡಬೇಕಾದ ವರ್ಷ 1799 ಅಲ್ಲ, 1830–31 ಆಗಿರುವ ಸಂಭವ ಹೆಚ್ಚು.

ಟಿಪ್ಪುವಿನ ನಂತರ ದಿವಾನ್ ಪೂರ್ಣಯ್ಯನವರು ಮೈಸೂರಿನ ಕುದುರೆಪಡೆಯನ್ನು ಮತ್ತೆ ಕಟ್ಟಿದರು. ಹಳೆಯ ಸೈನ್ಯ ಚದುರಿ ಕೆಲಸವಿಲ್ಲದೆ ಇದ್ದ ಎಷ್ಟೋ ಸವಾರರಿಗೆ ಅಲ್ಲಿ ಜಾಗ ಸಿಕ್ಕಿತು. 1807ರ ಒಪ್ಪಂದದಂತೆ ಮೈಸೂರು 4000 ಕುದುರೆ ಸವಾರರನ್ನು ಸದಾ ಸಿದ್ಧವಾಗಿ ಇಟ್ಟಿರಬೇಕಿತ್ತು. ಇವರೇ ಸಿಲೇದಾರರು. ಉರ್ದು ಬಲ್ಲವರಿಗೆ ಪದ ಸುಲಭ: ಸಿಲಾಹ್ ಎಂದರೆ ಆಯುಧ. ಕುದುರೆಯೂ ಆಯುಧವೂ ಸಿಲೇದಾರನದೇ. ಸರ್ಕಾರ ಸವಾರನಿಗೂ ಕುದುರೆಗೂ ಸೇರಿಸಿ ಸಂಬಳ ಕೊಡುತ್ತಿತ್ತು. ಸ್ವಂತ ಕುದುರೆ ಇಲ್ಲದೆ ಇನ್ನೊಬ್ಬರ ಕುದುರೆ ಏರಿ ಚಾಕರಿ ಮಾಡುವವನು ಬಾರ್ಗೀರ್. ಹುಡುಕುವವರು ಈ ವ್ಯತ್ಯಾಸವನ್ನು ಮರೆಯಬಾರದು. ಬಾರ್ಗೀರನ ಹೆಸರು ಸಿಗದಿದ್ದರೂ ಅವನ ಕುದುರೆಯ ಒಡೆಯನ ಹೆಸರು ಸಂಬಳದ ಲೆಕ್ಕದಲ್ಲಿ ಸಿಗಬಹುದು.

ಈ ಪಡೆ 1803ರಲ್ಲಿ ಮರಾಠರ ವಿರುದ್ಧವೂ 1817ರಲ್ಲಿ ಮಹೀದ್‌ಪುರದಲ್ಲೂ ಕಂಪನಿಯ ಜೊತೆ ಹೋಗಿ ಕಾದಿತ್ತು. ಅವು ಹೊರಗಿನ ಯುದ್ಧಗಳು. 1830ರಲ್ಲಿ ಬಂದದ್ದು ಮನೆಯೊಳಗಿನ ಯುದ್ಧ. ಇಂತಿಷ್ಟು ಕಂದಾಯ ಕೂಡಿಸಿಕೊಡುತ್ತೇನೆ, ಕಡಿಮೆಯಾದರೆ ನಾನೇ ತುಂಬಿಕೊಡುತ್ತೇನೆ ಎಂದು ಅಮಲ್ದಾರರಿಂದ ಬರೆಸಿಕೊಳ್ಳುವ ಶರತ್ತು ಪದ್ಧತಿ ರೈತರನ್ನು ಹಿಂಡಿತ್ತು. ನಗರ ಸೀಮೆಯ ರೈತರು ಕೂಟ ಸೇರಿ ಕಂದಾಯ ನಿಲ್ಲಿಸಿದರು. ಬೂದಿ ಬಸವಪ್ಪ ಎಂಬಾತ ನಗರದ ಹಳೆಯ ಅರಸುಮನೆತನದ ವಾರಸುದಾರ ತಾನೆಂದು ಮುಂದೆ ಬಂದ. ತರೀಕೆರೆಯ ಪಾಳೆಯಗಾರ ರಂಗಪ್ಪ ನಾಯಕನೂ ಎದ್ದ. ಅವರನ್ನು ಅಡಗಿಸಲು ಹೋದವರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಸಿಲೇದಾರರಿದ್ದರು. ಎರಡು ಕಡೆಯವರೂ ಒಂದೇ ರಾಜ್ಯದ ಪ್ರಜೆಗಳು. ಆ ಹೊತ್ತಿಗೆ ಖಜಾನೆ ಬರಿದಾಗಿ ಸೈನಿಕರ ಸಂಬಳವೂ ಬಾಕಿ ಬಿದ್ದಿತ್ತು. ಕೊನೆಗೆ ಕಂಪನಿಯ ಸೈನ್ಯವೂ ಇಳಿಯಿತು, 1831ರ ಜೂನ್‌ನಲ್ಲಿ ನಗರ ಕೈವಶವಾಯಿತು. ಅದೇ ವರ್ಷ ಗವರ್ನರ್ ಜನರಲ್ ಬೆಂಟಿಂಕ್ ರಾಜ್ಯದ ಆಡಳಿತವನ್ನೇ ತೆಗೆದುಕೊಂಡ. ಕಮಿಷನರುಗಳ ಆಳ್ವಿಕೆ ಎಂದು ನೀವು ಓದುವ 1831ರಿಂದ 1881ರವರೆಗಿನ ಪಾಠ ಶುರುವಾಗುವುದೇ ಇಲ್ಲಿಂದ. ಇಂಗ್ಲಿಷರ ಕಾಗದಗಳು ಇದನ್ನು ದಂಗೆ ಎಂದು ಕರೆದವು. ಅಣ್ಣತಮ್ಮಂದಿರ ಯುದ್ಧ ಎಂದರೂ ತಪ್ಪಾಗದು ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ಹುಡುಕುವುದು ಎಲ್ಲಿಂದ? ಇವತ್ತಿನಿಂದ ಹಿಂದಕ್ಕೆ, ಒಂದೊಂದೇ ಮೆಟ್ಟಿಲು. ಮೊದಲು ಮನೆಯಲ್ಲಿರುವ ಹಿರಿಯರನ್ನು ಕೂರಿಸಿ ಶಜರಾ ಬರೆಯಿರಿ. ಹೆಸರಿನ ಜೊತೆ ಊರು, ತಂದೆಯ ಹೆಸರು ಇರಲೇಬೇಕು. ಬರೀ "ಶೇಖ್ ಹುಸೇನ್" ಎಂದು ಹುಡುಕಿದರೆ ಒಂದು ರಿಸಾಲೆಯಲ್ಲೇ ಹತ್ತು ಜನ ಸಿಕ್ಕಾರು! ದಾದಿ, ನಾನಿಯರನ್ನು ಕೇಳದೆ ಬಿಡಬೇಡಿ. ಯಾವ ಊರಿನಿಂದ ಸೊಸೆ ತಂದರು ಎನ್ನುವುದು ಅವರಿಗೇ ಚೆನ್ನಾಗಿ ಗೊತ್ತು, ಪಡೆ ಎಲ್ಲಿ ಬೀಡುಬಿಟ್ಟಿತ್ತು ಎನ್ನುವುದಕ್ಕೆ ಅದೇ ಸುಳಿವಾಗಬಹುದು. ಪೆಟ್ಟಿಗೆಯಲ್ಲಿ ಸನದು, ಇನಾಮಿನ ಕಾಗದ, ನಿಕಾಹ್‌ನಾಮಾ ಇವೆಯೇ ನೋಡಿ. ಪದಕವಿದ್ದರೆ ಅದರ ಅಂಚನ್ನು ಬೆಳಕಿಗೆ ಹಿಡಿಯಿರಿ, ಹೆಸರು ಮತ್ತು ದಳವನ್ನು ಅಲ್ಲಿ ಕೆತ್ತಿರುವುದುಂಟು.

ತಾರೀಖು ಓದುವಾಗ ಎಚ್ಚರ. ಖಬರಸ್ತಾನದ ಕಲ್ಲಿನಲ್ಲಿರುವುದು ಹಿಜರಿ ವರ್ಷ. ಅದನ್ನು 0.97ರಿಂದ ಗುಣಿಸಿ 622 ಕೂಡಿಸಿದರೆ ಕ್ರಿಸ್ತಶಕ ಹತ್ತಿರ ಹತ್ತಿರ ಸಿಗುತ್ತದೆ. 1246 ಎಂದಿದ್ದರೆ ಅದು 1830–31. ಕನ್ನಡ ಕಾಗದದಲ್ಲಿರುವುದು ಸಂವತ್ಸರ. ದಂಗೆ ಎದ್ದದ್ದು ವಿಕೃತಿ ಸಂವತ್ಸರದಲ್ಲಿ, ನಗರ ಬಿದ್ದದ್ದು ಖರದಲ್ಲಿ. ಆದರೆ 60 ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುತ್ತದೆ, 1890 ಕೂಡ ವಿಕೃತಿಯೇ. ಸಂವತ್ಸರವೊಂದನ್ನೇ ನಂಬಿದರೆ ಮೊಮ್ಮಗನನ್ನು ಅಜ್ಜನ ಕುದುರೆ ಮೇಲೆ ಕೂರಿಸಿದಂತಾದೀತು.

ಆಮೇಲೆ ದಾಖಲೆ. ಆರ್.ಟಿ. ನಗರಕ್ಕೆ ಹತ್ತಿರವೇ ಇರುವ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಸ್ತಂಭವಿದೆ. 1918ರ ಸೆಪ್ಟೆಂಬರ್ 23ರ ಹೈಫಾ ಕಾಳಗದಲ್ಲಿ ಹೋರಾಡಿದ ಪಡೆಯದು. ಈ ಲ್ಯಾನ್ಸರ್ಸ್ ಹುಟ್ಟಿದ್ದು ಸಿಲೇದಾರರ ಪಡೆಯಿಂದಲೇ. ಮನೆಯಲ್ಲಿ ಲ್ಯಾನ್ಸರ್ಸ್ ಸೈನಿಕರಿದ್ದರೆ ಅವರೇ ನಿಮ್ಮ ಮೊದಲ ಮೆಟ್ಟಿಲು, ಅವರ ಅಜ್ಜ ಸಿಲೇದಾರನಾಗಿದ್ದಿರಬಹುದು. ಅದಕ್ಕೂ ಹಿಂದಿನ ಮೈಸೂರು ಸರ್ಕಾರದ ಕಾಗದಗಳಿಗೆ ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆಗೆ ಹೋಗಬೇಕು, ಕಾಲೇಜಿನ ಪತ್ರ ಮತ್ತು ಗುರುತಿನ ಚೀಟಿ ಜೊತೆಗಿರಲಿ. ಹಳೆಯ ಲೆಕ್ಕಗಳು ಕನ್ನಡದಲ್ಲೂ ಮೋಡಿ ಅಕ್ಷರದ ಮರಾಠಿಯಲ್ಲೂ ಇರುತ್ತವೆ. ಮೋಡಿ ಓದಬಲ್ಲವರು ಕಡಿಮೆ, ಅಂಥವರ ನೆರವಿಲ್ಲದೆ ಈ ಹಂತ ದಾಟುವುದು ಕಷ್ಟ. ದೆಹಲಿಯ ರಾಷ್ಟ್ರೀಯ ಪತ್ರಾಗಾರದ "ಅಭಿಲೇಖ್ ಪಟಲ್" ಜಾಲತಾಣದಲ್ಲಿ ಕಂಪನಿ ಕಾಲದ ಕಡತಗಳನ್ನು ಮೊಬೈಲಿನಲ್ಲೇ ಹುಡುಕಬಹುದು. ಆ ಕಾಲದ ಗುಮಾಸ್ತರು ನಗರವನ್ನು "ನಗ್ಗರ್" ಎಂದು ಬರೆದರು, ಸಿಲೇದಾರ್ ಪದಕ್ಕೆ ಮೂರು ನಾಲ್ಕು ಬಗೆಯ ಅಕ್ಷರಜೋಡಣೆಗಳಿವೆ. ಎಲ್ಲವನ್ನೂ ಹಾಕಿ ನೋಡಿ. ಹಿನ್ನೆಲೆಗೆ ಬಿ.ಎಲ್. ರೈಸ್‌ರ ಮೈಸೂರು ಗೆಜೆಟಿಯರ್ ಸಾಕು. ದಂಗೆಯ ಕಾರಣ ವಿಚಾರಿಸಿದ ನಾಲ್ವರ ಸಮಿತಿ 1833ರಲ್ಲಿ ಕೊಟ್ಟ ವರದಿ ಸಿಕ್ಕರಂತೂ ಬಿಡಬೇಡಿ. ಆ ನಾಲ್ವರಲ್ಲಿ ಒಬ್ಬ, ಮುಂದೆ ಕಮಿಷನರ್ ಆದ ಮಾರ್ಕ್ ಕಬ್ಬನ್.

ಹೆಸರು ಸಿಕ್ಕಿತು ಎಂದುಕೊಳ್ಳಿ. ಆಗ ಎದುರಾಗುವ ಪ್ರಶ್ನೆ ಹೆಚ್ಚು ಕಠಿಣ. ನಿಮ್ಮ ಹಿರಿಯ ಸುಲ್ತಾನನ ಕೋಟೆ ಕಾಯದೆ, ಕಂದಾಯ ಕೊಡಲಾರದ ರೈತನ ಮೇಲೆ ಕುದುರೆ ನುಗ್ಗಿಸಿದವನಾಗಿರಬಹುದು. ಸಂಬಳವಿಲ್ಲದೆ, ಸ್ವಂತ ಕುದುರೆಯ ಹುರುಳಿಗೆ ಸಾಲ ಮಾಡಿಕೊಂಡು ಹೋದವನೂ ಆಗಿರಬಹುದು. ಎರಡೂ ಒಬ್ಬನೇ ಆಗಿರಬಹುದು. ಕಾಗದ ಹೇಳಿದಷ್ಟನ್ನೇ ಬರೆಯಿರಿ. ದಾದಾ ಹೇಳಿದ ಮಾತನ್ನೂ ಅವರ ಹೆಸರು ಹಾಕಿ ಪಕ್ಕದಲ್ಲೇ ಬರೆದಿಡಿ. ಎರಡನ್ನೂ ಬೆರೆಸಬೇಡಿ.

ಕೊನೆಯದಾಗಿ, ಹಳೆಯ ಸನದು ಸಿಕ್ಕಿದ ಖುಷಿಯಲ್ಲಿ ಅದನ್ನು ಲ್ಯಾಮಿನೇಟ್ ಮಾಡಿಸಬೇಡಿ, ಅಂಟುಪಟ್ಟಿ ಹಚ್ಚಬೇಡಿ. ಎರಡೂ ಬದಿಯ ಫೋಟೊ ತೆಗೆದುಕೊಂಡು, ಕಾಗದವನ್ನು ಮಡಿಸದೆ ಒಣ ಜಾಗದಲ್ಲಿಡಿ. ಕಾಲೇಜಿಗೆ ತರಬೇಕಾದದ್ದು ಫೋಟೊ ಮಾತ್ರ.