ಸಾವಿರಾರು ಮಾದರಿಗಳಿಗೆ ಮೊದಲ ಜರಡಿ: ಸೌರ ಇಂಧನದ ವೇಗವರ್ಧಕಗಳ ತ್ವರಿತ ಪರೀಕ್ಷೆ

ಸೂರ್ಯನ ಬೆಳಕಿನಿಂದ ವಿದ್ಯುತ್ ಪಡೆಯುವುದು ಇಂದು ಸರ್ವಪರಿಚಿತ. ಆದರೆ ವಿದ್ಯುತ್ತನ್ನು ತಿಂಗಳುಗಟ್ಟಲೆ ದಾಸ್ತಾನು ಮಾಡುವುದು ದುಬಾರಿ. ಅದೇ ಬೆಳಕಿನ ಶಕ್ತಿಯಿಂದ ನೀರನ್ನು ವಿಭಜಿಸಿ ಜಲಜನಕವನ್ನು ತಯಾರಿಸಿದರೆ ಅದನ್ನು ಸಂಗ್ರಹಿಸಿಟ್ಟು ಬೇಕಾದಾಗ ಉರಿಸಬಹುದು. ಇಂತಹವುಗಳಿಗೆ ಸೌರ ಇಂಧನಗಳೆಂದು ಹೆಸರು. ಬಣ್ಣದ ತಯಾರಕರಿಗೆ ಚಿರಪರಿಚಿತವಾದ ಟೈಟಾನಿಯಂ ಡೈಆಕ್ಸೈಡಿನಿಂದ ಇದು ಸಾಧ್ಯವೆಂದು ಜಪಾನಿನ ಫುಜಿಷಿಮಾ ಮತ್ತು ಹೋಂಡಾ 1972ರಲ್ಲಿ ಪ್ರಕಟಿಸಿದರು. ಆದರೆ ಆ ವಸ್ತು ಸೂರ್ಯಪ್ರಕಾಶದ ನೇರಳಾತೀತ ಭಾಗವನ್ನಷ್ಟೇ ಹೀರುತ್ತದೆ. ಅಂದಿನಿಂದಲೂ ಉತ್ತಮ ವಸ್ತುವಿನ ಹುಡುಕಾಟ ನಡೆದಿದೆ.

ವೇಗವರ್ಧಕದ ಪಾತ್ರ

ನೀರು ವಿಭಜನೆಗೊಳ್ಳುವಾಗ ಆಮ್ಲಜನಕ ಹೊರಬರುವ ಕ್ರಿಯೆ ಬಹಳ ನಿಧಾನ. ಅದನ್ನು ಚುರುಕುಗೊಳಿಸಲು ಕಾರ್ಖಾನೆಗಳಲ್ಲಿ ಕ್ಯಾಟಲಿಸ್ಟ್ ಎಂದು ಕರೆಯುವ ವೇಗವರ್ಧಕ ಬೇಕು. ಆಮ್ಲೀಯ ದ್ರಾವಣದಲ್ಲಿ ಇರಿಡಿಯಂ ಆಕ್ಸೈಡ್ ಚೆನ್ನಾಗಿ ಬಾಳುತ್ತದೆ. ಆದರೆ ಇರಿಡಿಯಂ ಅತಿ ವಿರಳ, ಅತಿ ದುಬಾರಿ. ನಿಕ್ಕಲ್, ಕಬ್ಬಿಣ, ಕೋಬಾಲ್ಟ್, ಸೀರಿಯಂಗಳಂತಹ ಅಗ್ಗದ ಲೋಹಗಳ ಮಿಶ್ರಣದಿಂದ ಕ್ಷಾರೀಯ ದ್ರಾವಣದಲ್ಲಿ ಕೆಲಸ ಸಾಗುವುದಾದರೂ ಯಾವ ಪ್ರಮಾಣದ ಮಿಶ್ರಣ ಉತ್ತಮವೆಂಬುದೇ ಪ್ರಶ್ನೆ.

ಇಲ್ಲಿ ಲೆಕ್ಕವನ್ನು ಗಮನಿಸಬೇಕು. ಮಿಶ್ರಣವನ್ನು 30 ಪಾಲೆಂದು ಭಾವಿಸಿ ಈ ನಾಲ್ಕು ಲೋಹಗಳಿಗೆ ಹಂಚಿದರೆ 5456 ಬಗೆಯ ಮಿಶ್ರಣಗಳಾಗುತ್ತವೆ. ದಿನಕ್ಕೊಂದರಂತೆ, ವರ್ಷಕ್ಕೆ 300 ದಿನ ಪರೀಕ್ಷಿಸಿದರೂ 18 ವರ್ಷ ಸಾಲದು.

ಮುದ್ರಣಯಂತ್ರದ ನೆರವು

ಅಮೆರಿಕದ ಇಂಧನ ಇಲಾಖೆಯು 2010ರಲ್ಲಿ ಕೃತಕ ದ್ಯುತಿಸಂಶ್ಲೇಷಣೆಯ ಸಂಯುಕ್ತ ಕೇಂದ್ರವನ್ನು ಸ್ಥಾಪಿಸಿತು. ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆ ಮತ್ತು ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಗಳು ಇದನ್ನು ನಡೆಸಿದವು. ಇಲ್ಲಿಯ ಸಂಶೋಧಕರು ಲೋಹಲವಣಗಳ ದ್ರಾವಣಗಳನ್ನು ಶಾಯಿಯಂತೆ ಬಳಸಿ, ಇಂಕ್‌ಜೆಟ್ ಮುದ್ರಣದಿಂದ ಒಂದೇ ಫಲಕದ ಮೇಲೆ ಸಾಲುಸಾಲು ಚುಕ್ಕೆಗಳನ್ನು ಮೂಡಿಸಿ ಕಾಯಿಸಿದರು. ಪ್ರತಿ ಚುಕ್ಕೆಯೂ ಒಂದು ಮಾದರಿ. ದ್ರಾವಣದ ಸಣ್ಣ ಹನಿಯೊಂದು ಚುಕ್ಕೆಯಿಂದ ಚುಕ್ಕೆಗೆ ಸರಿಯುತ್ತ ಪ್ರತಿಯೊಂದರ ವಿದ್ಯುತ್ ಪ್ರವಾಹವನ್ನು ಅಳೆಯುತ್ತದೆ. ಮತ್ತೊಂದು ವಿಧಾನದಲ್ಲಿ ಫಲಕವನ್ನೇ ಮುಳುಗಿಸಿ, ಎಲ್ಲಿ ಗುಳ್ಳೆಗಳೇಳುತ್ತವೆಂದು ಕ್ಯಾಮೆರಾದಿಂದ ನೋಡಲಾಗುತ್ತದೆ. 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೇಲಿನ 5456 ಮಿಶ್ರಣಗಳೂ ಪರೀಕ್ಷೆಗೊಳಗಾಗಿ, ಸೀರಿಯಂ ಅಧಿಕವಾಗಿರುವ ಹೊಸ ವೇಗವರ್ಧಕಗಳ ಗುಂಪೊಂದು ಬೆಳಕಿಗೆ ಬಂದಿತು.

ಮುಂದೆ ಗಣಕಯಂತ್ರವೇ ಮೊದಲ ಜರಡಿಯಾಯಿತು. ಬೆಳಕನ್ನು ಹೀರಿ ನೀರಿನಿಂದ ಆಮ್ಲಜನಕ ಬಿಡಿಸುವ ವಿದ್ಯುದ್ವಾರದ ವಸ್ತುಗಳಿಗಾಗಿ ವೆನೇಡಿಯಂಯುಕ್ತ 174 ಸಂಯುಕ್ತಗಳನ್ನು ಲೆಕ್ಕಾಚಾರದಿಂದ ಶೋಧಿಸಿ, ಆಯ್ದವನ್ನು ಮಾತ್ರ ತಯಾರಿಸಿ ಪರೀಕ್ಷಿಸಲಾಯಿತು. ಹಿಂದಿನ ನಾಲ್ಕು ದಶಕಗಳಲ್ಲಿ ಇಂತಹ 16 ವಸ್ತುಗಳು ದೊರೆತಿದ್ದರೆ, 2017ರ ಈ ವರದಿಯೊಂದರಲ್ಲೇ 12 ಹೊಸವು ಸೇರಿದವು.

ಜರಡಿಯ ವೆಚ್ಚ, ಜರಡಿಯ ತಪ್ಪು

ಉದಾಹರಣೆಗೆ, 5000 ಮಾದರಿಗಳಿವೆ. ಪ್ರಾಥಮಿಕ ಪರೀಕ್ಷೆಗೆ ತಲಾ ರೂ. 100, ಅಂತಿಮ ಬಾಳಿಕೆ ಪರೀಕ್ಷೆಗೆ ತಲಾ ರೂ. 1 ಲಕ್ಷ ಎಂದು ಭಾವಿಸೋಣ. ಎಲ್ಲಕ್ಕೂ ಅಂತಿಮ ಪರೀಕ್ಷೆ ಮಾಡಿದರೆ ರೂ. 50 ಕೋಟಿ. ಮೊದಲ ಜರಡಿಯಲ್ಲಿ 50 ಮಾತ್ರ ಉಳಿಸಿಕೊಂಡರೆ ಒಟ್ಟು ರೂ. 55 ಲಕ್ಷ.

ಆದರೆ ಅಗ್ಗದ ಪರೀಕ್ಷೆ ಎರಡು ಬಗೆಯಲ್ಲಿ ತಪ್ಪಬಹುದು. ಮೊದಲನೆಯದು, ಕೆಟ್ಟದ್ದು ಒಳ್ಳೆಯದೆಂದು ತೋರುವುದು. ವಸ್ತುವೇ ಕರಗಿಹೋಗುತ್ತಿದ್ದರೂ ಮಾಪಕದಲ್ಲಿ ಪ್ರವಾಹ ಹೆಚ್ಚಾಗಿ ಕಾಣಬಹುದು. ಈ ತಪ್ಪು ಮುಂದಿನ ಹಂತದಲ್ಲಿ ಸಿಕ್ಕಿಬೀಳುತ್ತದೆ. ನಷ್ಟ ಆ ಒಂದು ಪರೀಕ್ಷೆಯ ವೆಚ್ಚಕ್ಕೆ ಸೀಮಿತ. ಎರಡನೆಯದು, ಒಳ್ಳೆಯದನ್ನೇ ಎಸೆಯುವುದು. ಈ ನಷ್ಟ ಯಾವ ಲೆಕ್ಕಪುಸ್ತಕದಲ್ಲೂ ದಾಖಲಾಗುವುದಿಲ್ಲ. ಆದ್ದರಿಂದಲೇ ಅದು ಹೆಚ್ಚು ಅಪಾಯಕಾರಿ. ಮೇಲಿನ ಉದಾಹರಣೆಯಲ್ಲಿ 50ರ ಬದಲು 100 ಮಾದರಿಗಳನ್ನು ಉಳಿಸಿಕೊಂಡರೆ ವೆಚ್ಚ ರೂ. 1 ಕೋಟಿ 5 ಲಕ್ಷವಾಗುತ್ತದೆ. ಹೆಚ್ಚುವರಿ ರೂ. 50 ಲಕ್ಷವನ್ನು ವಿಮೆಯ ಕಂತೆಂದೇ ತಿಳಿಯಬೇಕು. ಮೊದಲ ಜರಡಿಯ ಕಣ್ಣು ತೀರ ಸಣ್ಣದಿರಬಾರದು.

ಹೂಡುವ ಮುನ್ನ

2023ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟವು ರೂ. 19,744 ಕೋಟಿಯ ರಾಷ್ಟ್ರೀಯ ಹಸಿರು ಜಲಜನಕ ಯೋಜನೆಗೆ ಒಪ್ಪಿಗೆ ನೀಡಿತು. ಇಂತಹ ಕಾಲದಲ್ಲಿ ಹೊಸ ವೇಗವರ್ಧಕದ ಹೆಸರಿನಲ್ಲಿ ಬಂಡವಾಳ ಕೇಳುವವರು ಉದ್ಯಮಿಗಳ ಬಾಗಿಲಿಗೂ ಬರಬಹುದು. ಅವರನ್ನು ಮೂರು ಪ್ರಶ್ನೆಗಳನ್ನು ಕೇಳುವುದು ಲೇಸು. ಎಷ್ಟು ಪ್ರವಾಹದಲ್ಲಿ ಪರೀಕ್ಷೆಯಾಗಿದೆ? ಪ್ರಯೋಗಾಲಯಗಳಲ್ಲಿ ಚದರ ಸೆಂಟಿಮೀಟರಿಗೆ 10 ಮಿಲಿಆಂಪಿಯರ್ ರೂಢಿಯ ಅಳತೆ. ಕೈಗಾರಿಕಾ ಘಟಕಗಳು ಅದರ ಹಲವು ಪಟ್ಟು ಪ್ರವಾಹದಲ್ಲಿ ನಡೆಯುತ್ತವೆ. ಸತತವಾಗಿ ಎಷ್ಟು ಗಂಟೆ ಬಾಳಿದೆ? ಕಚ್ಚಾ ಲೋಹ ಬೇಕಾದ ಪ್ರಮಾಣದಲ್ಲಿ, ತಾಳುವ ಬೆಲೆಗೆ ದೊರೆಯುವುದೇ?

ತ್ವರಿತ ಪರೀಕ್ಷೆಯಲ್ಲಿ ಗೆದ್ದ ವಸ್ತುವಿಗೆ ಮುಂದಿನ ಪರೀಕ್ಷೆಗೆ ಹೋಗುವ ಅರ್ಹತೆ ಮಾತ್ರ ದೊರೆಯುತ್ತದೆ; ಮಾರುಕಟ್ಟೆಗೆ ಬರುವ ಅರ್ಹತೆ ಇನ್ನೂ ದೊರೆತಿರುವುದಿಲ್ಲ. ಕಚ್ಚಾ ಮಾಲನ್ನಾಗಲಿ, ಹೊಸ ಸರಬರಾಜುದಾರರನ್ನಾಗಲಿ ಆರಿಸುವ ಸಣ್ಣ ಕೈಗಾರಿಕೆಗೂ ಇದೇ ಕ್ರಮ ಅನ್ವಯಿಸುತ್ತದೆ: ಅಗ್ಗದ ಪರೀಕ್ಷೆ ಮೊದಲು, ದುಬಾರಿ ಪರೀಕ್ಷೆ ಕೊನೆಗೆ, ಬಂಡವಾಳ ಅದರ ನಂತರ.