ಮೊದಲ ಪುಟದ ಗ್ಯಾರಂಟಿ ಕೊಡುವವರು

ಸಕಲೇಶಪುರದ ಕಡೆ ಮೂರು ಕೋಣೆಯ ಹೋಂಸ್ಟೇ ನಡೆಸುವ ದಂಪತಿ ಕಳೆದ ಮಳೆಗಾಲದಲ್ಲಿ ನನ್ನ ವಕೀಲಿ ಆಫೀಸಿಗೆ ಬಂದಿದ್ದರು. ಮೊಬೈಲಿನಲ್ಲಿ, ವೆಬ್‌ಸೈಟನ್ನು ಗೂಗಲ್ ಹುಡುಕಾಟದಲ್ಲಿ ಮೇಲೆ ತರುವ ಎಸ್‌ಇಒ ಕೆಲಸದವನೊಬ್ಬನ ವಾಟ್ಸ್‌ಆ್ಯಪ್ ಸಂದೇಶ ತೋರಿಸಿದರು: "ಮೂರೇ ತಿಂಗಳಲ್ಲಿ ಗೂಗಲ್ ಮೊದಲ ಪುಟ, ನೂರಕ್ಕೆ ನೂರು ಗ್ಯಾರಂಟಿ ಮೇಡಂ." ತಿಂಗಳಿಗೆ ಹದಿನೈದು ಸಾವಿರದಂತೆ ಆರು ತಿಂಗಳು ಕೊಟ್ಟಿದ್ದರು. ಆತ ಮಾತು ತಪ್ಪಿದನೇ? ತಮಾಷೆಯೆಂದರೆ, ತಪ್ಪಿರಲಿಲ್ಲ. ಅವರ ಹೋಂಸ್ಟೇಯ ಹೆಸರನ್ನೇ ಟೈಪ್ ಮಾಡಿದರೆ ವೆಬ್‌ಸೈಟ್ ಎಲ್ಲಕ್ಕಿಂತ ಮೇಲೆ ಬರುತ್ತಿತ್ತು. ಆ ಹೆಸರಿನದ್ದು ಇನ್ನೊಂದಿಲ್ಲವಲ್ಲ, ಬಾರದೆ ಏನು? "ಸಕಲೇಶಪುರ ಹೋಂಸ್ಟೇ" ಎಂದು ಹುಡುಕಿದರೆ ನಾಲ್ಕನೇ ಪುಟದಲ್ಲೂ ಪತ್ತೆಯಿರಲಿಲ್ಲ. ಸಾಕಪ್ಪಾ ಎಂದು ದುಡ್ಡು ನಿಲ್ಲಿಸಿದರು. ಮರುವಾರ ವೆಬ್‌ಸೈಟೇ ತೆರೆಯಲಿಲ್ಲ. ಡೊಮೇನ್ ಆತನ ಇಮೇಲಿನಲ್ಲಿ ನೋಂದಣಿಯಾಗಿತ್ತು.

ಗೂಗಲ್‌ನಲ್ಲಿ ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾರರು ಎಂದು ಗೂಗಲ್ ತಾನೇ ತನ್ನ ಮಾರ್ಗಸೂಚಿಯಲ್ಲಿ ಹೇಳಿಕೊಂಡಿದೆ. ಜಾಹೀರಾತಿನ ಜಾಗಕ್ಕೆ ಅದು ದುಡ್ಡು ತೆಗೆದುಕೊಳ್ಳುತ್ತದೆ, ಸಹಜವಾಗಿ ಬರುವ ಫಲಿತಾಂಶದ ಜಾಗಕ್ಕಲ್ಲ. ಸರಿಯಾಗಿ ಕೆಲಸ ಮಾಡಿದರೂ ಫಲ ಕಾಣಲು ನಾಲ್ಕು ತಿಂಗಳಿಂದ ಒಂದು ವರ್ಷ ಬೇಕು ಎಂಬುದೂ ಅದರದೇ ಮಾತು. ಆದ್ದರಿಂದ ಎಸ್‌ಇಒ ಮಾಡುವವರಿಂದ ನೀವು ಕೊಳ್ಳುವುದು ಸ್ಥಾನವನ್ನಲ್ಲ, ದುಡಿಮೆಯನ್ನು. ಇಷ್ಟು ಗೊತ್ತಾದರೆ ಕರಾರಿನಲ್ಲಿ ಏನು ಬರೆಸಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಯಾವ ಪದಗಳಿಗಾಗಿ ಕೆಲಸ, ತಿಂಗಳಿಗೆ ಎಷ್ಟು ಪುಟ ಬರೆಯುತ್ತಾರೆ, ಸೈಟಿನ ಯಾವ ತಾಂತ್ರಿಕ ದೋಷ ಸರಿಪಡಿಸುತ್ತಾರೆ, ವರದಿ ಯಾವ ತಾರೀಖಿಗೆ, ಬಿಡುವುದಾದರೆ ಎಷ್ಟು ದಿನದ ಮುಂಚೆ ತಿಳಿಸಬೇಕು, ಇವೆಲ್ಲ ಅದರಲ್ಲಿರಬೇಕು.

ಕರಾರು ಛಾಪಾ ಕಾಗದದ ಮೇಲೇ ಇರಬೇಕೆಂದಿಲ್ಲ. 1872ರ ಕರಾರು ಕಾಯ್ದೆಯಲ್ಲಿ ಬಾಯಿಮಾತಿನ ಒಪ್ಪಂದಕ್ಕೂ ಬೆಲೆಯಿದೆ. ಇಮೇಲ್, ವಾಟ್ಸ್‌ಆ್ಯಪ್‌ಗಳಲ್ಲಿ ಕುದುರಿದ ಒಪ್ಪಂದ ವಿದ್ಯುನ್ಮಾನ ರೂಪದ್ದು ಎಂಬ ಒಂದೇ ಕಾರಣಕ್ಕೆ ಬಿದ್ದುಹೋಗದು ಎನ್ನುತ್ತದೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಂ. ಹಾಗೆಂದು ಎರಡು ಪುಟ ಬರೆಸಿ ಸಹಿ ಹಾಕಿಸುವ ಉಸಾಬರಿಯನ್ನು ತಪ್ಪಿಸಬೇಡಿ. ಅವರೇ ಕರಾರು ಕಳಿಸಿದರೆ ಕೊನೆಯ ಪುಟದ ಸಣ್ಣಕ್ಷರ ಓದಿ. "ವ್ಯಾಜ್ಯವೇನಿದ್ದರೂ ದೆಹಲಿಯ ನ್ಯಾಯಾಲಯದಲ್ಲಿ ಮಾತ್ರ" ಎಂಬ ಸಾಲು ಅಲ್ಲೇ ಅಡಗಿ ಕೂತಿರುತ್ತದೆ. ಎದುರಿನವರ ಕಚೇರಿ ದೆಹಲಿಯಲ್ಲಿದ್ದರೆ ಸಿವಿಲ್ ನ್ಯಾಯಾಲಯಗಳು ಅಂಥ ಸಾಲನ್ನು ಎತ್ತಿಹಿಡಿಯುತ್ತವೆ. ತೊಂಬತ್ತು ಸಾವಿರಕ್ಕಾಗಿ ದೆಹಲಿಗೆ ರೈಲು ಹತ್ತುವವರು ಯಾರು?

ಬಿಲ್ಲಿನಲ್ಲಿ ಶೇಕಡ 18 ಜಿಎಸ್‌ಟಿ ಸೇರಿಸಿದ್ದರೆ ಅವರ ನೋಂದಣಿ ಸಂಖ್ಯೆಯನ್ನು ಜಿಎಸ್‌ಟಿ ಪೋರ್ಟಲಿನಲ್ಲಿ ಹಾಕಿ ನೋಡಿ, ಅರ್ಧ ನಿಮಿಷದ ಕೆಲಸ. ಹದಿನೈದು ಅಂಕಿ-ಅಕ್ಷರಗಳ ಸಂಖ್ಯೆ. ಕರ್ನಾಟಕದ ನೋಂದಣಿಯಾದರೆ 29ರಿಂದ ಶುರುವಾಗುತ್ತದೆ. ನೋಂದಣಿ ಇಲ್ಲದವರು ಜಿಎಸ್‌ಟಿ ವಸೂಲು ಮಾಡುವಂತೆಯೇ ಇಲ್ಲ.

ಇನ್ನು ಕೀಲಿಕೈ ವಿಚಾರ. ನನ್ನ ಬಳಿ ಬರುವ ಇಂಥ ಜಗಳಗಳಲ್ಲಿ ದುಡ್ಡಿಗಿಂತ ಹೆಚ್ಚು ಕಣ್ಣೀರು ಇದಕ್ಕೇ. ಡೊಮೇನ್, ಹೋಸ್ಟಿಂಗ್ ಎರಡನ್ನೂ ನಿಮ್ಮ ಇಮೇಲಿನಲ್ಲಿ, ನಿಮ್ಮ ಕಾರ್ಡಿನಿಂದ, ನೀವೇ ಕೊಳ್ಳಿ. ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ಮಾಲೀಕರು ನೀವಾಗಿ, ಕೆಲಸದವರನ್ನು ಬಳಕೆದಾರರಾಗಿ ಸೇರಿಸಿ; ಬಿಸಿನೆಸ್ ಪ್ರೊಫೈಲ್‌ನಲ್ಲಿ ಮ್ಯಾನೇಜರ್ ಎಂದು ಸೇರಿಸಿ. ಕೆಲಸಕ್ಕೆ ಅಷ್ಟು ಸಾಕು, ಪಾಸ್‌ವರ್ಡ್ ಯಾರಿಗೂ ಬೇಕಿಲ್ಲ. ಡೊಮೇನ್ ಹೆಸರಿಗೆ ಟ್ರೇಡ್‌ಮಾರ್ಕಿನಂತೆಯೇ ರಕ್ಷಣೆ ಉಂಟು ಎಂದು ಸುಪ್ರೀಂ ಕೋರ್ಟ್ 2004ರಲ್ಲಿ ಹೇಳಿದ್ದು ಸತ್ಯಂ ಇನ್ಫೋವೇ ಮೊಕದ್ದಮೆಯಲ್ಲಿ. ಆ ದಾವೆ ಶುರುವಾದದ್ದು ನಮ್ಮ ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲೇ.

ಬೀಗ ಹಾಕಿಕೊಂಡು ಕೂತವರ ಮೇಲೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಂ ಉಪಯೋಗಕ್ಕೆ ಬರುತ್ತದೆ. ಪ್ರವೇಶಿಸುವ ಹಕ್ಕಿರುವವರನ್ನು ಅವರದೇ ಕಂಪ್ಯೂಟರ್ ವ್ಯವಸ್ಥೆಯಿಂದ ಹೊರಗಿಟ್ಟರೆ ಪರಿಹಾರ ಕೊಡಬೇಕಾಗುತ್ತದೆ. ಕೆಟ್ಟ ಉದ್ದೇಶದಿಂದ ಮಾಡಿದ್ದರೆ 66ನೇ ಕಲಂ ಪ್ರಕಾರ ಮೂರು ವರ್ಷದವರೆಗೆ ಜೈಲೂ ಆಗಬಹುದು. ಆದರೆ ಖಾತೆ ನಿಮ್ಮದೆಂದು ತೋರಿಸಲು ಕಾಗದವಿದ್ದಾಗ ಮಾತ್ರ ಈ ಮಾತಿಗೆ ಬಲ.

ಹೆಚ್ಚಿನವರಿಗೆ ಹೊಳೆಯದ ಇನ್ನೊಂದು ಸಂಗತಿಯಿದೆ. ದುಡ್ಡು ಕೊಟ್ಟು ಬರೆಸಿದ ಲೇಖನ ನಿಮ್ಮದಲ್ಲ! ಸಂಬಳದ ನೌಕರ ಬರೆದರೆ ಹಕ್ಕುಸ್ವಾಮ್ಯ ಸಾಮಾನ್ಯವಾಗಿ ಮಾಲೀಕರದ್ದು. ಹೊರಗಿನಿಂದ ಗುತ್ತಿಗೆಗೆ ಬಂದವರು ಬರೆದದ್ದು, ಲಿಖಿತವಾಗಿ ಸಹಿ ಮಾಡಿ ವರ್ಗಾಯಿಸುವ ತನಕ ಅವರದ್ದೇ. ಆ ವರ್ಗಾವಣೆಯಲ್ಲಿ ಅವಧಿ ನಮೂದಿಸದಿದ್ದರೆ ಐದೇ ವರ್ಷ, ಪ್ರದೇಶ ನಮೂದಿಸದಿದ್ದರೆ ಭಾರತ ಮಾತ್ರ ಎಂದು 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಂ ಎಣಿಸುತ್ತದೆ. "ಪೂರ್ಣ ಅವಧಿಗೆ, ಜಗತ್ತಿನಾದ್ಯಂತ" ಎಂಬ ಮೂರು-ನಾಲ್ಕು ಪದ ಬರೆಸಿದರೆ ಮುಗಿಯಿತು.

ಅವರು ಮಾಡುವ ಕಳ್ಳದಾರಿಯ ಕೆಲಸಕ್ಕೆ ತಲೆ ಕೊಡುವವರು ನೀವು ಎಂಬುದೂ ನೆನಪಿರಲಿ. ಅಮೆರಿಕದ ದೊಡ್ಡ ಚಿಲ್ಲರೆ ಮಾರಾಟ ಕಂಪನಿ ಜೆ.ಸಿ. ಪೆನ್ನಿಯ ಪರವಾಗಿ ಯಾರೋ ಗೂಗಲ್ ನಿಯಮ ಮೀರಿ ಬೇರೆ ಸೈಟುಗಳಲ್ಲಿ ದುಡ್ಡು ಕೊಟ್ಟು ಲಿಂಕ್ ಹಾಕಿಸಿದ್ದನ್ನು ನ್ಯೂಯಾರ್ಕ್ ಟೈಮ್ಸ್ 2011ರಲ್ಲಿ ಹೊರಗೆಳೆಯಿತು. ಗೂಗಲ್ ಅದನ್ನು ಮೇಲಿನಿಂದ ಪಾತಾಳಕ್ಕೆ ತಳ್ಳಿತು. ತನಗೆ ಗೊತ್ತೇ ಇರಲಿಲ್ಲ ಎಂದ ಕಂಪನಿ ಎಸ್‌ಇಒ ಸಂಸ್ಥೆಯನ್ನು ತೆಗೆದುಹಾಕಿತು, ಅಷ್ಟೇ. ಇಲ್ಲಿ ಗೂಗಲ್ ಮುನಿಸು ಒಂದು ಕಡೆಯಾದರೆ ಕಾನೂನಿನ ಮುನಿಸು ಬೇರೆ. ಪಕ್ಕದ ಪ್ರಸಿದ್ಧ ರೆಸಾರ್ಟಿನ ಹೆಸರನ್ನು ನಿಮ್ಮ ಪುಟದ ಹಿಂದಿನ ಕೋಡಿನ ಮೆಟಾ ಟ್ಯಾಗ್‌ಗಳಲ್ಲಿ ತುರುಕಿದ್ದರೆ ಟ್ರೇಡ್‌ಮಾರ್ಕ್ ಉಲ್ಲಂಘನೆಯ ನೋಟಿಸು ನಿಮ್ಮ ಮನೆಗೇ ಬರುತ್ತದೆ. ಸುಳ್ಳು ಹೇಳಿಕೆಯಿಂದ ಗಿರಾಕಿಗಳನ್ನು ದಾರಿತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮೊದಲ ಸಲಕ್ಕೆ ಹತ್ತು ಲಕ್ಷದವರೆಗೆ ದಂಡ ಹಾಕಬಲ್ಲದು. "ಐದು ನಕ್ಷತ್ರದ ಇನ್ನೂರು ರಿವ್ಯೂ ಹಾಕಿಸಿಕೊಡ್ತೀನಿ" ಎನ್ನುವವರಿಗೆ ಬಾಗಿಲಲ್ಲೇ ನಮಸ್ಕಾರ ಹೇಳಿ.

ಮೋಸವಾದ ಮೇಲೆ? ಮೊದಲು ಸಾಕ್ಷ್ಯ. ಚಾಟ್ ಅಳಿಸಬೇಡಿ, ಫೋನ್ ಬದಲಿಸುವ ಮುಂಚೆ ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ. ಮುದ್ರಿಸಿದ ಸ್ಕ್ರೀನ್‌ಶಾಟನ್ನು ನ್ಯಾಯಾಲಯಕ್ಕೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಕೇಳುವ ಪ್ರಮಾಣಪತ್ರ ಲಗತ್ತಿಸಬೇಕು. 2024ರ ಜುಲೈ 1ರಿಂದ ಇದೇ ಕಾನೂನು ಜಾರಿಯಲ್ಲಿದೆ. ಆಮೇಲೆ ವಕೀಲರ ನೋಟಿಸು. ಎಷ್ಟೋ ಡೊಮೇನ್‌ಗಳು ಆ ಹಂತದಲ್ಲೇ ವಾಪಸು ಬರುತ್ತವೆ.

ನೇರ ಪೊಲೀಸ್ ಠಾಣೆಗೆ ಹೋಗುವ ಆತುರ ಸಹಜ. ಆದರೆ ಕೆಲಸ ಸರಿಯಾಗಿ ಮಾಡಲಿಲ್ಲ ಎಂಬುದು ಕರಾರು ಭಂಗ, ಅದು ಸಿವಿಲ್. ಶುರುವಿನಿಂದಲೇ ವಂಚಿಸುವ ಉದ್ದೇಶವಿತ್ತೆಂದು ತೋರಿಸಿದರೆ ಮಾತ್ರ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ, ಹಳಬರ ಬಾಯಲ್ಲಿನ ನಾನೂರಿಪ್ಪತ್ತು. ಹಣ ಬಿದ್ದ ಕೂಡಲೇ ನಂಬರ್ ಸ್ವಿಚ್ ಆಫ್ ಆಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಗ್ರಾಹಕ ಆಯೋಗದ ಹಾದಿ ಅಗ್ಗ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ, ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಗಡುವು ಎರಡು ವರ್ಷ. ಆದರೆ ವಾಣಿಜ್ಯ ಉದ್ದೇಶಕ್ಕೆ ಸೇವೆ ಪಡೆದವರು ಗ್ರಾಹಕರಲ್ಲ ಎಂಬ ತೊಡಕು ಇಲ್ಲಿದೆ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವವರಿಗೆ ಹಳೆಯ ಕಾಯ್ದೆ ಸರಕು, ಸೇವೆ ಎರಡಕ್ಕೂ ವಿನಾಯಿತಿ ಕೊಟ್ಟಿತ್ತು. 2019ರ ಕಾಯ್ದೆಯ ವಿವರಣೆಯಲ್ಲಿ ಸರಕು ಮಾತ್ರ ಉಳಿದಿದೆ. ಎದುರು ವಕೀಲರು ಇದನ್ನೇ ಹಿಡಿದು ಜಗ್ಗುತ್ತಾರೆ. ಮದುವೆಯ ಆಲ್ಬಮ್ಮಿಗೋ ಹವ್ಯಾಸಕ್ಕೋ ಸೈಟ್ ಇಟ್ಟವರಿಗೆ ಈ ತಲೆನೋವಿಲ್ಲ, ಅವರು ಎಸ್‌ಇಒ ಮಾಡಿಸುವುದೂ ಇಲ್ಲ. ಆ ಬಾಗಿಲು ಮುಚ್ಚಿದರೂ ಸಿವಿಲ್ ದಾವೆಗೆ ಮೂರು ವರ್ಷ ಕಾಲಾವಕಾಶ ಇದ್ದೇ ಇದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.

ಸಕಲೇಶಪುರದ ದಂಪತಿಗೆ ನೋಟಿಸು ತಲುಪಿದ ಎರಡನೇ ವಾರಕ್ಕೆ ಡೊಮೇನ್ ಮರಳಿತು. ಹಣ ಮರಳಲಿಲ್ಲ. ಗ್ರಾಹಕ ಆಯೋಗಕ್ಕೆ ಪತ್ನಿಯ ಹೆಸರಿನಲ್ಲಿ ದೂರು ಹಾಕಿದ್ದೇವೆ, ನಿರೀಕ್ಷಿಸಿದಂತೆ ವಾಣಿಜ್ಯ ಉದ್ದೇಶದ ಆಕ್ಷೇಪಣೆ ಬಂದಿದೆ, ವಾದ ಇನ್ನೂ ಮುಗಿದಿಲ್ಲ. ಈ ನಡುವೆ ಹೊಸಬರೊಬ್ಬರನ್ನು ಗೊತ್ತು ಮಾಡಿಕೊಂಡಿದ್ದಾರೆ. ಕರಾರು ಎರಡೇ ಪುಟ. ಸಹಿ ಹಾಕುವ ಮುಂಚೆ ನನಗೆ ಕಳಿಸಿದ್ದರು. ಗ್ಯಾರಂಟಿ ಎಂಬ ಪದ ಅದರಲ್ಲೆಲ್ಲೂ ಇರಲಿಲ್ಲ.